ಕಳ್ಳಗಾಳಿ

ಕಾಯ್ತಾನ ಹಡಗಿಂದ ಇಳಿದು ಎಂಟೇ ದಿನ,
ಅವನ ಗಾಡಿಗೆ ಹೊಸ ಮೂಗು, ಹೊಸ ಗಂಟಲು.
ಅಗಲ ಬಾಯಿಯ ಫಿಲ್ಟರು ಸಿಂಗಾಪುರದ್ದು,
ಸೈಲೆನ್ಸರು ಮಾತ್ರ ಮಡಗಾವಿನದೇ,
ವೆಲ್ಡಿಂಗಿನ ಗಂಟು ಇನ್ನೂ ನೀಲಿ.

"ಥ್ರಾಟಲ್ ಬಿಟ್ಟರೆ ಪಟಾಕಿ ಹೊಡೆಯುತ್ತೆ," ಅಂದ.
"ಕೇಳೋಕೆ ಚಂದ. ತೊಡೆ ಸುಡುತ್ತೆ."

ಗೊತ್ತಿದ್ದ ಕತೆ.
ಉಸಿರು ಹೆಚ್ಚಾಯಿತು, ಅನ್ನ ಹಳೇ ಅಳತೆಯದು.
ಕಂಪನಿ ಬರೆದಿಟ್ಟ ಕೋಷ್ಟಕಕ್ಕೆ
ಮನೆಯಲ್ಲಿ ಏನು ಬದಲಾಯಿತೆಂದು ಯಾರೂ ಹೇಳಿಲ್ಲ.
ಅದು ಇನ್ನೂ ಹಳೇ ಗಂಟಲಿಗೇ ಬಡಿಸುತ್ತಿದೆ
ಚಮಚ ಎಣಿಸಿ.

ಸೀಟಿನಡಿಯ ಸಾಕೆಟ್ಟಿಗೆ ವೈರು,
ಪೈಪಿನ ಕೊರಳಿಗೆ ಸೆನ್ಸರು.
ಅಡ್ಡಕ್ಕೆ ಎಂಜಿನ್ನಿನ ಸುತ್ತು, ಉದ್ದಕ್ಕೆ ಥ್ರಾಟಲ್ಲಿನ ತೆರವು,
ನಡುವೆ ಇನ್ನೂರೈವತ್ತಾರು ಮನೆ,
ಚೌಕಾಬಾರದ ಮಣೆಗೆ ಹುಚ್ಚು ಹಿಡಿದ ಹಾಗೆ,
ಮನೆಗೊಂದು ತುತ್ತು.

ವೆರ್ಣಾ ಗುಡ್ಡದ ನೆತ್ತಿಯ ರಸ್ತೆ, ರಾತ್ರಿ ಹತ್ತೂವರೆ.
ಕಾರ್ಖಾನೆ ಬಸ್ಸುಗಳು ಹೋದ ಮೇಲೆ ಅದು ನಮ್ಮದು.
ಕಾಯ್ತಾನ ಓಡಿಸಿದ. ಹಿಂದೆ ನಾನು,
ನನ್ನ ಬೆನ್ನಚೀಲದಲ್ಲಿ ಲ್ಯಾಪ್‌ಟಾಪು ಬೆಚ್ಚಗೆ ಬರೆದುಕೊಳ್ಳುತ್ತ:
ಹದಿನಾಲ್ಕೂವರೆ. ಹದಿನೈದು. ಹದಿನೈದೂವರೆ.
ತೆಳು. ಎಲ್ಲಾ ತೆಳು.

ನೂರಕ್ಕೆ ಐದು ಕೂಡಿಸಿದೆ.
ಮೇಲಿನ ಸುತ್ತಿನಲ್ಲಿ ಮಾತು ಕೇಳಿತು, ಹದಿಮೂರಕ್ಕೆ ಬಂದು ಕೂತಿತು.
ಕೆಳಗೆ, ಮೂರು ಸಾವಿರದ ಆಸುಪಾಸಿನಲ್ಲಿ,
ಎಂಟು ಹಾಕಿದೆ, ಹನ್ನೆರಡು ಹಾಕಿದೆ, ಹದಿನೇಳು.
ಹಾಕಿದಷ್ಟೂ ತಿಂದಿತು, ಹಸಿವು ಅಂದಿತು.
ನಾಲ್ಕನೇ ರಾತ್ರಿ ಪ್ಲಗ್ಗು ಬಿಚ್ಚಿದೆ.
ಕಾಡಿಗೆ!
ಸೆನ್ಸರು ಹೇಳುವುದು ಉಪವಾಸ,
ಪ್ಲಗ್ಗಿನದು ಮದುವೆಯೂಟ ಮುಗಿಸಿದವನ ಬಾಯಿ.

ಬೆಳಿಗ್ಗೆ ಮೌಲಾಸಾಬರು ಬಂದರು.
ಝುವಾರಿನಗರದಲ್ಲಿ ಮೂವತ್ತು ವರ್ಷ
ಕಾರ್ಬ್ಯುರೇಟರಿನ ತಿರುಪು ತಿರುವಿದ ಕೈ.
ಸವಣೂರು ಬಿಟ್ಟಾಗ ಎರಡೂ ಕಿವಿ ಇದ್ದವು,
ಈಗ ಎಡಗಡೆಯದು ಪೂರಾ ಬಂದು.
"ಏನಂತದ ನಿನ್ನ ಪಂಚಾಂಗ?"
ಹೇಳಿದೆ. ಕೇಳಿಸಿತೋ ಇಲ್ಲವೋ.

ತಣ್ಣಗಿದ್ದ ಎಂಜಿನ್ನು ಚಾಲು ಮಾಡಿಸಿದರು.
ಕಾಯ್ತಾನನ ಕೈಗೆ ಒದ್ದೆ ಚಿಂದಿ ಕೊಟ್ಟು
"ಸೈಲೆನ್ಸರಿನ ಬಾಯಿ ಹಿಡಿ" ಅಂದರು,
ತಾವು ಸೋಪಿನ ನೀರಲ್ಲಿ ಅದ್ದಿದ ಬ್ರಷ್ಷು ಹಿಡಿದು ಕುಕ್ಕರಗಾಲಲ್ಲಿ ಕೂತರು.
ಪೈಪು ಎಂಜಿನ್ನಿಗೆ ಕೂಡುವಲ್ಲಿ,
ಸೆನ್ಸರಿಗಿಂತ ನಾಲ್ಕು ಬೆರಳು ಮುಂಚೆ,
ಗುಳ್ಳೆ. ಗುಳ್ಳೆಯ ಮೇಲೆ ಗುಳ್ಳೆ.

"ಕಳ್ಳಗಾಳಿ," ಅಂದರು.

ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ
ಪೈಪು ಕ್ಷಣಮಾತ್ರ ಒಳಗೆಳೆದುಕೊಳ್ಳುತ್ತದೆ.
ಬೆಂಕಿಯ ಮುಖವನ್ನೇ ಕಾಣದ ಗಾಳಿ
ಹಿತ್ತಲ ಬಾಗಿಲಿಂದ ನುಸುಳಿ
ಸೆನ್ಸರಿನ ಎದುರು ಕೂತು ಹಸಿವು ಹಸಿವು ಅಂತ ಅತ್ತಿದೆ.
ಸೆನ್ಸರು ಸುಳ್ಳು ಹೇಳಿರಲಿಲ್ಲ, ಕಂಡದ್ದು ಹೇಳಿತ್ತು.
ನಾಲ್ಕು ರಾತ್ರಿ ನಾನು
ಪಂಕ್ತಿಯಲ್ಲೇ ಇಲ್ಲದವರ ಎಲೆಗೆ ಬಡಿಸಿದ್ದೆ.

ತಾಮ್ರದ ಗ್ಯಾಸ್ಕೆಟ್ಟು, ನಲವತ್ತು ರೂಪಾಯಿ.
"ಹಡಗಲ್ಲಿ ನನಗಿದೇ ಕೆಲಸ,
ಒಂದೊಂದು ಫ್ಲಾಂಜನ್ನೂ ಮುಟ್ಟಿ ಮುಟ್ಟಿ ನೋಡೋದು,"
ಅಂದ ಕಾಯ್ತಾನ, ಯಾರಿಗೂ ಅಲ್ಲದೆ,
ಆಮೇಲೆ ಕೊಂಕಣಿಯಲ್ಲಿ ತನ್ನನ್ನೇ ಬೈದುಕೊಂಡ.

ಐದನೇ ರಾತ್ರಿ ಕಳೆಯುವ ಲೆಕ್ಕ.
ಹದಿನೇಳಿದ್ದಲ್ಲಿ ಆರು. ಹನ್ನೆರಡಿದ್ದಲ್ಲಿ ನಾಲ್ಕು.
ಕೂಡಿಸುವಾಗ ಇಷ್ಟು ಕೈ ನಡುಗಿರಲಿಲ್ಲ.
ಕುಠ್ಠಾಳಿ ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟೆವು,
ಕೆಳಗೆ ಹೊಳೆ, ಸೇತುವೆಯ ದೀಪ,
ದಾಬೋಳಿಗೆ ಇಳಿಯುತ್ತಿದ್ದ ವಿಮಾನದ ಹೊಟ್ಟೆ.
ಗಾಡಿ ಗೊಣಗಿತು. ಬೊಗಳಲಿಲ್ಲ.

ಮೌಲಾಸಾಬರು ಮೋರಿಯ ಕಟ್ಟೆ ಮೇಲೆ ಕೂತಿದ್ದರು.
"ಪಟಾಕಿ ಇನ್ನೂ ಐತೇನು?"
ಕೂಗಿ ಹೇಳುವ ಬದಲು
ಒಂದು ಬೆರಳು ಎತ್ತಿದೆ. ಒಂದೇ. ಅದೂ ಮೆತ್ತಗೆ.
ಲ್ಯಾಪ್‌ಟಾಪ್ ತೆಗೆಯಲು ಚೀಲದ ಜಿಪ್ಪಿಗೆ ಕೈ ಹಾಕಿದ್ದೆ.

"ಇರಲಿ ಬಿಡು," ಅಂದರು.
"ನಾಕು ತಿಂಗಳಿಗೆ ಮತ್ತ ನೀರಿಗೆ ಹೋಗಾಂವ ಅದಾನ."