ಮಲೇಶಿಯಾ ಹೊನ್ನೆ

ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ
ಹನ್ನೊಂದು ವರ್ಷದಿಂದ ಬಿಲ್ಲು ಬರೆಯುತ್ತೇನೆ.
ಉದ್ದ, ಸುತ್ತಳತೆ, ಸಿಎಫ್‌ಟಿ, ದರ.
ಮರದ ಹೆಸರಿಗೂ ಒಂದು ಕಾಲಂ ಇದೆ: ಮಲೇಶಿಯಾ ಹೊನ್ನೆ.
ಹೊನ್ನೆಯಲ್ಲ ಅದು. ಮಲೇಶಿಯಾದ್ದೋ ಅಲ್ಲವೋ ದೇವರಿಗೇ ಗೊತ್ತು.
ಮಂಗಳೂರು ಬಂದರಲ್ಲಿಳಿದು, ಶಿರಾಡಿ ಹತ್ತಿ,
ನಸುಕಿಗೆ ನಮ್ಮ ಗೇಟಿನೆದುರು ಲಾರಿ ಹಾರ್ನ್ ಹೊಡೆಯುವಷ್ಟರಲ್ಲಿ
ಅದರ ಮೈಮೇಲೆ ಮೂರು ಊರಿನ ಸೀಲು, ಮೂರು ಬಣ್ಣದ ನಂಬರು.

ಮಂಗಳವಾರ ದಸ್ತಗೀರಣ್ಣ ಒಂದು ದಿಮ್ಮಿಯ ತಲೆ ಕೆರೆದ.
ನೀಲಿ ಬಣ್ಣದ ಕೆಳಗೆ ಇನ್ನೊಂದು ಗುರುತು,
ಸುತ್ತಿಗೆಯಲ್ಲಿ ಬಡಿದು ಬಡಿದು ಅಳಿಸಿದ್ದು.
"ಇದು ಕಡೀಬೇಡಿ ಅಂತ ಹೊಡೆದ ಗುರುತು ಕಣಮ್ಮ,
ಡಿಪೋದಲ್ಲಿ ಇಂಥವು ಕಂಡಿದೀನಿ."
ನಾನು ಕಾಗದ ನೋಡಿದೆ. ಕಾಗದ ಸರಿಯಾಗಿತ್ತು.
ಕಾಗದ ಯಾವತ್ತೂ ಸರಿಯಾಗಿಯೇ ಇರುತ್ತದೆ.

ಗರಗಸಕ್ಕೆ ಕೊಟ್ಟರು. ಕೆಂಪು ಹೊಟ್ಟು ಹಾರಿ
ಚಹಾದ ಲೋಟಕ್ಕೆ, ಕಾರ್ಬನ್ ಹಾಳೆಗೆ, ನನ್ನ ತೋಳಿಗೆ.
ಅರ್ಧಕ್ಕೆ ಬಂದಾಗ ಕಿಡಿ.
ಒಂದು ಚೀರು. ಮೋಟರು ನಿಂತಿತು.
ಬ್ಲೇಡಿಗೆ ಎರಡು ಹಲ್ಲಿಲ್ಲ,
ಸೀಳಿನಲ್ಲಿ ಹುಣಸೆ ಬೀಜದಷ್ಟು ಕಬ್ಬಿಣದ ಗುಂಡು.

"ಮರಕ್ಕೆ ಯಾರೂ ಗುಂಡು ಹೊಡೆಯಲ್ಲ," ಅಂದ ದಸ್ತಗೀರಣ್ಣ.

ಊಟದ ಹೊತ್ತಲ್ಲಿ ಪಟೇಲರ ಮೊಮ್ಮಗಳು ಹೇತಲ್
ಮೊಬೈಲಿನಲ್ಲಿ ಹುಡುಕಿ ತೋರಿಸಿದಳು.
ಕೆಂಗೂದಲು. ಮೊಣಕಾಲು ದಾಟುವ ತೋಳು. ಎದೆಗೆ ಅಂಟಿದ ಮರಿ.
ದಿನಾ ಸಂಜೆ ಕೊಂಬೆ ಬಗ್ಗಿಸಿ ಹೊಸ ಹಾಸಿಗೆ ಹೆಣೆಯುತ್ತದಂತೆ,
ನಿನ್ನೆಯದರಲ್ಲಿ ಮಲಗುವುದಿಲ್ಲವಂತೆ.
ಅಲ್ಲಿನವರ ಮಾತಲ್ಲಿ ಅದರ ಹೆಸರೆಂದರೆ
ಕಾಡಿನ ಮನುಷ್ಯ, ಅಷ್ಟೆ.

ಗುರಿ ತಪ್ಪಿತೆಂದುಕೊಂಡೆ.
ತಪ್ಪಿಯೇ ಬಂದು ಮರಕ್ಕೆ ನಾಟಿದ್ದು.
ಆಮೇಲೆ, ಡಬ್ಬಿ ತೊಳೆಯುವಾಗ, ನಲ್ಲಿಯ ಬಳಿ ಹೊಳೆಯಿತು:
ಒಂದು ಮೈಯನ್ನು ಹಾದುಕೊಂಡೂ ಬಂದಿರಬಹುದು.
ತೋಳಿನ ಹೊಟ್ಟನ್ನು ಸೆರಗಿಂದ ಒರೆಸಿದೆ.
ಬೆವರಿಗೆ ಅಂಟಿತ್ತು, ಬಿಡಲಿಲ್ಲ.

ಸಂಜೆ ಚೌಕಟ್ಟುಗಳು ಟೆಂಪೋ ಹತ್ತಿದವು,
ಕೆಂಗೇರಿಯಾಚೆಯ ಅಪಾರ್ಟ್‌ಮೆಂಟಿಗೆ, ನಲವತ್ತೆಂಟು ಮನೆ.
ಬಾಗಿಲಿಗೆ ಅರಿಶಿನ ಹಚ್ಚುತ್ತಾರೆ, ತೋರಣ ಕಟ್ಟುತ್ತಾರೆ,
ಹೊಸ್ತಿಲು ತುಳಿಯಬೇಡ ಎಂದು ಮಕ್ಕಳನ್ನು ಗದರುತ್ತಾರೆ.

ಪುಸ್ತಕದಲ್ಲಿ ಬರೆದೆ: ಬ್ಲೇಡು ರಿಪೇರಿ, ಆರುನೂರು.
ಯಾರ ಖಾತೆಗೆ ಹಾಕಿದಿ ಎಂದರು ಪಟೇಲರು.
ಹೆಸರಿನ ಜಾಗ ಇನ್ನೂ ಖಾಲಿ ಬಿಟ್ಟಿದ್ದೇನೆ.

ಗುಂಡು ಗುಂಡುಪಿನ್ನಿನ ಡಬ್ಬಿಯಲ್ಲಿದೆ.
ಬಿಲ್ಲು ಚುಚ್ಚಲು ನೋಡದೆ ಕೈ ಹಾಕುತ್ತೇನೆ.
ಬೆರಳಿಗೆ ಮೊದಲು ಅದೇ ಸಿಗುತ್ತದೆ.