ಎರಡೇ ಚೌಕ

ಲೆಸ್ಟರಿನ ಲೈಬ್ರರಿಯಲ್ಲಿ ಕನೀಜಮ್ಮನ ಫಾರಂ ತುಂಬುತ್ತಿದ್ದೇನೆ.
ಮೊಮ್ಮಗಳ ಮದುವೆ, ಡೆಟ್ರಾಯಿಟ್,
ಇನ್ನು ಹನ್ನೊಂದೇ ದಿನ.

ಇರಾಕಿಗೆ ಹೋಗಿದ್ದೀರಾ? ಪರದೆಯ ಪ್ರಶ್ನೆ.
'ಹೋಗ್ದೆ ಇರ್ತೀನಾ?' ಅಲೀಪುರದ ಕನ್ನಡ ಅವರದು.
'ನಜಫ್‌ನಿಂದ ಕರ್ಬಲಾಕ್ಕೆ ಮೂರು ದಿನ ನಡ್ದೆ.
ಯಾರ ಮಗನೋ, ಹತ್ತು ವರ್ಷ ಇರಬೌದು,
ಬೊಬ್ಬೆ ಬಂದಿದ್ದ ನನ್ನ ಕಾಲು
ತೊಡೆ ಮೇಲಿಟ್ಕೊಂಡು ಎಣ್ಣೆ ಹಚ್ಚಿದ.
ಹೆಸರು ಕೇಳ್ಲಿಲ್ಲ ನಾನು. ಅದನ್ನೂ ಬರಿ.'

ಬರೆಯಲು ಜಾಗವಿಲ್ಲ.
ಹೌದು ಎಂದರೆ ಲಂಡನ್ನು, ಸಂದರ್ಶನ,
ತಿಂಗಳುಗಟ್ಟಲೆ ಸರದಿ.
ಸುಳ್ಳೇಕೆ, ನನ್ನ ಬೆರಳು
'ಇಲ್ಲ'ದ ಮೇಲೇ ಸುಳಿದಾಡಿತು.

ಕನ್ನಡಕ ಏರಿಸಿ
ಅವರೇ ಮೌಸು ಹಿಡಿದರು.
ಆಮೇಲೆ ಚೀಲದಿಂದ
ಮದುವೆಗೆಂದು ಕೊಂಡ ಬಳೆಯ ಡಬ್ಬಿ ತೆಗೆದು,
'ಪೋಸ್ಟಾಫೀಸು
ಎಷ್ಟು ಗಂಟೆ ತನಕ?' ಎಂದರು.