ಇಲ್ಲದ್ದರ ಲೆಕ್ಕ

ಅರೋಸಾ ಕೊಲ್ಲಿ, ಬೆಳಗಿನ ಐದೂವರೆ.
ಚಿಪ್ಪು ಬೆಳೆಸುವ ತೆಪ್ಪಗಳ ನಡುವೆ ಎಂಜಿನ್ ಆರಿಸಿ
ಎಲಾಡಿಯೊ ಕೇಳಿದ: "ಏನು ಸಿಕ್ಕಿತು?"

"ಸಿಗದೇ ಹೋದದ್ದು" ಎಂದಳು ಸಬೇಲಾ,
ನಾಲ್ಕು ಲೀಟರ್ ಕಡಲು ಸೋಸುತ್ತ.

ಯುರೇನಿಯಂ ಉಪ್ಪಿನ ಮನೆಯದು, ಕರಗಿಯೇ ಇರುತ್ತದೆ.
ಮಗಳು ಥೋರಿಯಂಗೆ ಅಂಟಿಕೊಳ್ಳುವ ಚಾಳಿ:
ಸತ್ತ ಪಾಚಿ, ಸೀಗಡಿಮರಿಯ ಹಿಕ್ಕೆ,
ಯಾವುದು ಮುಳುಗಿದರೆ ಅದರ ಸೆರಗು ಹಿಡಿದು
ಇಳಿದೇಬಿಡುತ್ತದೆ.
ಮೇಲೆ ಎಷ್ಟು ಕಡಿಮೆ ಬಿತ್ತು ನೋಡಿ
ತಳಕ್ಕೆ ಹೋದ ಇಂಗಾಲವನ್ನು ಅಳೆಯಬೇಕು.

ಅವನು ನಕ್ಕ: "ಹಾಗಾದರೆ
ನನ್ನ ಬಲೆಯಲ್ಲೂ ದಿನಾ ವಿಜ್ಞಾನವೇ."

ಸೋಸುಕಾಗದದ ಮೇಲೆ ಕಂದು ಕಲೆ, ಕಾಫಿ ತುಳುಕಿದಷ್ಟು.
ಇಪ್ಪತ್ತನಾಲ್ಕು ದಿನಕ್ಕೆ ಅರ್ಧ,
ಮತ್ತಿಪ್ಪತ್ತನಾಲ್ಕಕ್ಕೆ ಅರ್ಧದಲ್ಲರ್ಧ.

ಆರು ತಿಂಗಳಾದ ಮೇಲೆ ಇನ್ನೊಮ್ಮೆ ಎಣಿಸುತ್ತಾಳೆ.
ಎಲ್ಲ ಮುಗಿದಿರುತ್ತದೆ.
ಆದರೂ ಯಂತ್ರ ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತದೆ;
ಅದನ್ನೂ ಬರೆದಿಟ್ಟು
ಕಳೆಯಬೇಕು.